ನೀರು ನೋಡಿದ್ದೆ ಕಣಪ್ಪ

ಆ ಜೀಪಿನ ಇಂಜಿನ್ ಕುದಿದದ್ದು ನನ್ನ ತಪ್ಪಿನಿಂದ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಆಮೇಲೆ ಬಿಚ್ಚಿದರೆ ಕಥೆ ರುಚಿಯಾಗುತ್ತದೆ ಎಂದು ನನಗೂ ಗೊತ್ತು. ಆದರೆ ಈ ವಿಷಯದಲ್ಲಿ ನಾನು ಬಚ್ಚಿಟ್ಟದ್ದು ಈಗಾಗಲೇ ಸಾಕಷ್ಟಾಗಿದೆ.

ನನ್ನ ಗ್ಯಾರೇಜು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿದೆ. ಜೀಪು ನೊಣವಿನಕೆರೆ ಕಡೆಯ ಒಂದು ತೋಟದ ಮನೆಯದು. ಹಳೇ ಪೆಟ್ರೋಲ್ ಗಾಡಿ, ನಾಲ್ಕು ಸಿಲಿಂಡರು, ವಯಸ್ಸಿನಲ್ಲಿ ನನಗಿಂತ ಹಿರಿಯದು. ತೋಟದ ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿಯೇ ಎಲ್ಲ ನೋಡಿಕೊಳ್ಳುತ್ತಾರೆ. ಅವರನ್ನು ನಾನು ಅಮ್ಮ ಅನ್ನುತ್ತೇನೆ, ಅವರು ನನ್ನನ್ನು ಮೇಸ್ತ್ರಿ ಅನ್ನುತ್ತಾರೆ. ಜೀಪು ಓಡಿಸುವವರು ಆ ಮನೆಯಲ್ಲಿ ಅಮ್ಮನ ಮಾವನ ಕಾಲದಿಂದ ಇರುವ ಡ್ರೈವರು. ಎಪ್ಪತ್ತಕ್ಕೆ ಒಂದೆರಡು ವರ್ಷ ಕಡಿಮೆ ಇರಬಹುದು. ಊರಿಗೆಲ್ಲ ಅವರು ಡ್ರೈವರಣ್ಣ.

ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ ಎಂದು ಅವರು ತಂದು ಬಿಟ್ಟಾಗ ನಾನು ಇಂಜಿನ್ನಿನ ತಲೆಭಾಗದ ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್ ಮಾಡಿದೆ. ವಾಟರ್ ಪಂಪಿನ ಹತ್ತಿರ ಸ್ವಲ್ಪ ನೀರು ಜಿನುಗುತ್ತಿತ್ತು. ಹೇಗೂ ಕೈ ಹಾಕಿದ್ದೇನಲ್ಲ ಎಂದು ಪಂಪನ್ನೂ ಬಿಚ್ಚಿ, ಸಂದಿಯಲ್ಲಿ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಗ್ಯಾರೇಜಿನ ಮುಂದೆ ಅರ್ಧ ಗಂಟೆ ಓಡಿಸಿಟ್ಟೆ. ಗಡಿಯಾರದ ಹಾಗೆ ಓಡಿತು. ಡ್ರೈವರಣ್ಣ ಕಿವಿಗೊಟ್ಟು ಕೇಳಿ, "ಹೊಸಾ ಗಾಡಿ ಮಾಡ್ಬುಟ್ಟೆ ಕಣಪ್ಪ" ಅಂದರು. ನಾನೂ ಉಬ್ಬಿದೆ.

ಅದಾಗಿ ಹದಿನೈದು ದಿನಕ್ಕೆ ಅಮ್ಮನ ಫೋನು ಬಂತು. ಅವರೂ ಡ್ರೈವರಣ್ಣನೂ ಬೋರನಕಣಿವೆ ಹತ್ತಿರ ನೆಂಟರ ಹೊಲಕ್ಕೆ ತೆಂಗಿನ ಸಸಿ ಹೇರಿಕೊಂಡು ಹೊರಟಿದ್ದರಂತೆ. ಚಿಕ್ಕನಾಯಕನಹಳ್ಳಿ ದಾಟಿ ಏರು ಹತ್ತುವಾಗ ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ನಿಂತಿತಂತೆ. ಬೈಕು ಹತ್ತಿ ಹೋದೆ. ಹುಣಸೆ ಮರದ ಕೆಳಗೆ ಜೀಪು ನಿಂತಿತ್ತು. ಡ್ರೈವರಣ್ಣ ಬಲಗೈಗೆ ಒದ್ದೆ ಟವೆಲ್ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ಗಾಬರಿಯಲ್ಲಿ ರೇಡಿಯೇಟರಿನ ಮುಚ್ಚಳ ಬಿಚ್ಚಲು ಹೋಗಿ ಮೊಣಕೈವರೆಗೆ ಹಬೆ ಹೊಡೆಸಿಕೊಂಡಿದ್ದರು.

ಮನುಷ್ಯನಾದವನು ಅಲ್ಲಿ ಮೊದಲು ಆ ಕೈ ನೋಡಬೇಕಿತ್ತು. ನಾನು ರೇಡಿಯೇಟರ್ ನೋಡಿದೆ. ಖಾಲಿಯಾಗಿತ್ತು.

"ನೀರು ನೋಡಿದ್ರಾ ಅಣ್ಣ?" ಎಂದೆ.

"ನೋಡಿದ್ದೆ ಕಣಪ್ಪ. ಬೆಳಿಗ್ಗೆ ಹೊರಡಕ್ ಮುಂಚೆ ನೋಡಿದ್ದೆ."

"ನೋಡಿದ್ರೆ ಹಿಂಗ್ಯಾಕಾಗ್ತಿತ್ತು?" ಎಂದವನೇ ಅಮ್ಮನ ಕಡೆ ತಿರುಗಿದೆ. "ನೀವೇ ನೋಡಿ ಅಮ್ಮ, ಒಂದು ತೊಟ್ಟು ನೀರಿಲ್ಲ. ನೀರಿಲ್ದೆ ಓಡ್ಸಿದ್ರೆ ಯಾವ ಇಂಜಿನ್ ತಡೀತದೆ?"

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಕುದಿದು ನಿಂತ ಗಾಡಿಯ ರೇಡಿಯೇಟರು ಖಾಲಿಯೇ ಇರುತ್ತದೆ. ಇದ್ದ ನೀರೆಲ್ಲ ಹಬೆಯಾಗಿ ಹೋಗಿರುತ್ತದೆ. ನೀರಿಲ್ಲದೆ ಕುದಿಯಿತೋ, ಕುದಿದು ನೀರಿಲ್ಲವಾಯಿತೋ ಎನ್ನುವುದು ಖಾಲಿ ರೇಡಿಯೇಟರಿನಿಂದ ಗೊತ್ತಾಗುವುದೇ ಇಲ್ಲ. ಇದು ನನಗೆ ಕೆಲಸ ಕಲಿತ ಮೊದಲ ವರ್ಷದಲ್ಲೇ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ. ಹದಿನೈದು ದಿನದ ಹಿಂದೆ ನಾನೇ ಕೈಯಾಡಿಸಿದ ಇಂಜಿನ್ನು ಅದು. ಬೆರಳು ನನ್ನ ಕಡೆ ತಿರುಗುವ ಮೊದಲು ಇನ್ನೊಬ್ಬರ ಕಡೆ ತಿರುಗಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಎದುರಿಗೆ ಕೂತ ಮನುಷ್ಯನೇ ಡೊಂಕು ಅಂದೆ.

ಅಮ್ಮ ಜೋರು ಮಾತಿನವರಲ್ಲ. ಟವೆಲ್ ಸುತ್ತಿದ ಕೈ ನೋಡಿ, "ಅಣ್ಣ, ನಿಮ್ಗೂ ವಯಸ್ಸಾಯ್ತು. ಕೈ ವಾಸಿಯಾಗೋಗಂಟ ಮನೇಲಿರಿ. ಗಾಡಿ ವಿಷ್ಯ ಆಮೇಲೆ ನೋಡಾನ" ಅಂದರು. ಡ್ರೈವರಣ್ಣ ಎದ್ದು ನಿಂತು, ಎಡಗೈಯಲ್ಲಿ ಜೇಬಿನಿಂದ ಕೀ ತೆಗೆದು ಅವರಿಗೆ ಕೊಟ್ಟರು. ಕೊಡುವಾಗ ಇನ್ನೊಂದು ಸಲ, ಯಾರಿಗೆ ಹೇಳುತ್ತಿದ್ದಾರೆ ಎಂದು ಗೊತ್ತಾಗದ ಹಾಗೆ, "ನೋಡಿದ್ದೆ ಅನ್ಸುತ್ತೆ" ಅಂದರು.

ಟ್ರಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ ಜೀಪನ್ನು ಮಾರನೆಯ ದಿನದಿಂದ ನೋಡಲು ಶುರು ಮಾಡಿದೆ. ಹೆಡ್ ಇಳಿಸಿದೆ. ಗ್ಯಾಸ್ಕೆಟ್ ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಸುಟ್ಟಿತ್ತು. ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ಸಣ್ಣ ಸೀಳು ಬೆಳಕು ಕಾಣುತ್ತಿತ್ತು, ಅಂದರೆ ಶಾಖಕ್ಕೆ ಬಗ್ಗಿದೆ. ಲೇತ್ ಅಂಗಡಿಗೆ ಒಯ್ದು ಸಮ ಮಾಡಿಸಿದೆ. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿದೆ. ಇದೆಲ್ಲ ಕುದಿದದ್ದರ ಫಲ, ಕಾರಣವಲ್ಲ ಎಂದು ಕೈಗೆ ಗೊತ್ತಿತ್ತು. ಬಾಯಿ ಮಾತ್ರ ಬಂದವರಿಗೆಲ್ಲ "ನೀರು ನೋಡ್ದೆ ಓಡ್ಸಿದಾರೆ ಕಣ್ರೀ" ಎಂದು ಹೇಳುತ್ತಲೇ ಇತ್ತು.

ಆಮೇಲೆ ಒಂದೊಂದಾಗಿ ಕಾರಣ ಹುಡುಕಿದೆ. ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿನ ಕಡೆಗೆ ನೀರು ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಹಳೇ ಅಲ್ಯೂಮಿನಿಯಂ ಪಾತ್ರೆಯ ನೀರಿಗೆ ಹಾಕಿ ಸ್ಟೌ ಮೇಲಿಟ್ಟೆ. ಸಕ್ಕರೆ ಪಾಕ ನೋಡುವ ಥರ್ಮಾಮೀಟರನ್ನು ಪಕ್ಕದ ಬೇಕರಿಯವರಿಂದ ಇಸಿದುಕೊಂಡಿದ್ದೆ. ಎಂಬತ್ತು ಡಿಗ್ರಿ ಹತ್ತಿರಕ್ಕೆ ಅದು ಸರಿಯಾಗಿ ಬಾಯಿ ಬಿಟ್ಟಿತು. ಆದರೂ ಅನುಮಾನ ಬೇಡ ಎಂದು ಸದ್ಯಕ್ಕೆ ಅದನ್ನು ಗಾಡಿಗೆ ಹಾಕದೆ ಹೊರಗೇ ಇಟ್ಟೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಅರ್ಧ ಇಂಚು ಬಗ್ಗಿತು, ಸರಿಯಾಗಿತ್ತು. ಟೈಮಿಂಗ್ ನೋಡಿದೆ. ರೇಡಿಯೇಟರಿನ ಮುಚ್ಚಳ ಬದಲಿಸಿದೆ. ಪಂಪಿನ ಫ್ಯಾನ್ ಹಿಡಿದು ಅಲ್ಲಾಡಿಸಿದೆ, ಅಲುಗಲಿಲ್ಲ. ಒಂದು ಹನಿ ಸೋರುತ್ತಿರಲಿಲ್ಲ. ಮೊನ್ನೆ ನಾನೇ ಕೂರಿಸಿದ್ದಲ್ಲವೇ ಎಂದು ಅದನ್ನು ಬಿಟ್ಟು ಮುಂದೆ ಹೋದೆ. ಇಡೀ ಗಾಡಿಯಲ್ಲಿ ನಾನು ಬಿಚ್ಚದೆ ಬಿಟ್ಟದ್ದು ಅದೊಂದನ್ನೇ.

ನಾಲ್ಕನೇ ದಿನ ರೇಡಿಯೇಟರಿಗೆ ತುಂಬ ನೀರು ಹಾಕಿ, ಹಿಂದೆ ಹಸಿ ಕಾಯಿಯ ಚೀಲ ಹೇರಿಸಿ, ಹಾಲ್ಕುರಿಕೆ ಕಡೆಗೆ ನಾನೇ ಓಡಿಸಿಕೊಂಡು ಹೋದೆ. ಸಮ ರಸ್ತೆಯಲ್ಲಿ ಶಾಖ ತೋರಿಸುವ ಮೀಟರಿನ ಮುಳ್ಳು ನಡುವಿನಲ್ಲೇ ನಿಂತಿತ್ತು. ಸಣ್ಣದೊಂದು ಏರು ಸಿಕ್ಕಿತು. ಎರಡನೇ ಗೇರಿಗೆ ಇಳಿಸಿದೆ. ಮುಳ್ಳು ಮೆಲ್ಲಗೆ ಹತ್ತತೊಡಗಿತು, ಏರಿನ ತುದಿ ಮುಟ್ಟುವಷ್ಟರಲ್ಲಿ ಕೆಂಪಿಗೆ ತಾಗಿತು. ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿದೆ. ಒಳಗೆ ನೀರು ಕೊತಕೊತ ಅನ್ನುವ ಸದ್ದು ಸೀಟಿನವರೆಗೆ ಕೇಳುತ್ತಿತ್ತು.

ನೀರು ತುಂಬಿದ್ದವನು ನಾನು. ಓಡಿಸಿದವನು ನಾನು. ಆದರೂ ಕುದಿಯಿತು. ಅಂದರೆ ಡ್ರೈವರಣ್ಣ ಆ ದಿನ ನೀರು ನೋಡಿಯೇ ಇದ್ದರು. ಇದು ತಿಳಿಯಲು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ಜೇಬಿನಲ್ಲಿ ಫೋನಿತ್ತು, ಸಿಗ್ನಲ್ಲೂ ಇತ್ತು. ಅಮ್ಮನಿಗೆ ಫೋನ್ ಮಾಡಲಿಲ್ಲ. ಸಾಯಂಕಾಲ ಅಮ್ಮನೇ ಮಾಡಿದಾಗ, "ಇನ್ನೂ ಸ್ವಲ್ಪ ಕೆಲ್ಸ ಐತೆ ಅಮ್ಮ" ಎಂದಷ್ಟೇ ಹೇಳಿದೆ. ಪೂರ್ತಿ ಗೊತ್ತಾಗಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗಲೂ ಸ್ವಲ್ಪ ಆಗಿತ್ತು.

ಪಟ್ಟಣದಲ್ಲಿ ರೇಡಿಯೇಟರ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಎಲ್ಲರಿಗೂ ಅವರು ಭಾಯ್. ರೇಡಿಯೇಟರ್ ಬಿಚ್ಚಿ ಅವರ ಅಂಗಡಿಗೆ ಒಯ್ದೆ. ಕೊಳವೆಗಳಿಗೆಲ್ಲ ತೆಳು ಪಟ್ಟಿ ಆಡಿಸಿ, ಮೇಲಿನಿಂದ ನೀರು ಸುರಿದು, ಕೆಳಗೆ ಬೀಳುವ ಧಾರೆ ನೋಡಿ, "ಇದಕ್ಕೇನೂ ಆಗಿಲ್ಲ ಮೇಸ್ತ್ರಿ. ಬೀಮಾರಿ ಬೇರೆ ಕಡೆ ಐತೆ" ಅಂದರು. ನನ್ನ ಮುಖ ಸಪ್ಪಗಾದದ್ದನ್ನು ನೋಡಿಯೋ ಏನೋ, ಮಾರನೆಯ ದಿನ ತಾವೇ ಗ್ಯಾರೇಜಿಗೆ ಬಂದರು.

ಇಂಜಿನ್ ಬಿಸಿಯಾಗಲು ಬಿಟ್ಟು, ನಾನು ಮತ್ತೆ ಕೂರಿಸಿದ್ದ ರೇಡಿಯೇಟರಿನ ಕೆಳಭಾಗಕ್ಕೆ ಅಂಗೈ ಇಟ್ಟರು. ಆಮೇಲೆ ನನ್ನ ಕೈ ಹಿಡಿದು ಅದೇ ಜಾಗಕ್ಕೆ ಇಡಿಸಿದರು. ತಣ್ಣಗಿತ್ತು. ಮುಳ್ಳು ಮೇಲೇರುತ್ತಿತ್ತು, ರೇಡಿಯೇಟರ್ ಮಾತ್ರ ಒಲೆ ಹಚ್ಚದ ಹಂಡೆಯ ಹಾಗೆ ತಣ್ಣಗೆ ಕೂತಿತ್ತು. ನೀರು ತುಸು ತಗ್ಗಿಸಿ, ಮುಚ್ಚಳ ತೆಗೆದಿಟ್ಟು ಆಕ್ಸಿಲರೇಟರ್ ಕೊಡು ಅಂದರು. ಥರ್ಮೋಸ್ಟಾಟ್ ಇಲ್ಲದ ಗಾಡಿಯಲ್ಲಿ ಹಾಗೆ ಮಾಡಿದರೆ ಮೇಲಿನ ಪೈಪಿನಿಂದ ನೀರು ನುಗ್ಗಿ ಬರುವುದು ಕಾಣಬೇಕು. ನೀರು ಬರೀ ನಡುಗಿತು, ಹರಿಯಲಿಲ್ಲ.

"ಪಂಪ್ ತಿರುಗ್ತೈತೆ. ಪಾನಿ ಒಳಕ್ಕೆ ಹೋಗ್ತಿಲ್ಲ. ಪಂಪ್ ಬಿಚ್ಚು" ಅಂದರು ಭಾಯ್.

"ಅದು ನಾನೇ ಕೂರ್ಸಿದ್ದು ಭಾಯ್, ಇನ್ನೂ ತಿಂಗ್ಳಾಗಿಲ್ಲ."

"ಅದಕ್ಕೇ ಬಿಚ್ಚು ಅಂತಿರೋದು" ಎಂದು ಅವರು ಟೀ ಕೂಡ ಕುಡಿಯದೆ ಸ್ಕೂಟರ್ ಹತ್ತಿ ಹೋದರು.

ಮಧ್ಯಾಹ್ನ ಊಟ ಬಿಟ್ಟು ಪಂಪ್ ಬಿಚ್ಚಿದೆ. ಪಂಪ್ ಚೆನ್ನಾಗಿಯೇ ಇತ್ತು. ಅದರ ಹಿಂದೆ, ಇಂಜಿನ್ನಿನ ಒಡಲಿಗೆ ನೀರು ಹೋಗುವ ಎರಡು ಬೆರಳಗಲದ ತೂತು ಇರುತ್ತದೆ. ಟಾರ್ಚ್ ಹಿಡಿದೆ. ತೂತು ಕಾಣಲಿಲ್ಲ. ಕಂದು ಬಣ್ಣದ್ದೇನೋ ಒಂದು ಅಲ್ಲಿ ಬಿಗಿಯಾಗಿ ಕೂತಿತ್ತು. ಮೂತಿ ಉದ್ದನೆಯ ಇಕ್ಕಳದಲ್ಲಿ ಹಿಡಿದು ಎಳೆದೆ. ಬಂತು. ತೆಂಗಿನ ನಾರಿನ ಉಂಡೆ, ಎರಡು ಬೆರಳಷ್ಟು ದಪ್ಪ. ಹಿಂಡಿದರೆ ತುಕ್ಕಿನ ನೀರು ಇಳಿಯಿತು.

ಬೇರೆ ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಇಂಜಿನ್ ಬಿಚ್ಚಿದಾಗ ಬಾಯಿ ತೆರೆದ ತೂತುಗಳಿಗೆ ಏನಾದರೂ ತುರುಕಬೇಕು, ಇಲ್ಲದಿದ್ದರೆ ಕೆರೆದ ಗ್ಯಾಸ್ಕೆಟ್ಟಿನ ಚೂರು, ಮಸಿ ಎಲ್ಲ ಒಳಗೆ ಬೀಳುತ್ತದೆ. ಬೇರೆ ಕಡೆ ಬಟ್ಟೆ ತುರುಕುತ್ತಾರೆ. ನಮ್ಮಲ್ಲಿ ಬಟ್ಟೆಗೆ ಬರವಿರಬಹುದು, ನಾರಿಗಿಲ್ಲ. ಎಲ್ಲ ಗ್ಯಾರೇಜಿನ ಹಿಂದೆಯೂ ಯಾರದೋ ಕಾಯಿ ಸುಲಿದ ಮಟ್ಟೆ ಬಿದ್ದಿರುತ್ತದೆ. ಒಂದು ಹಿಡಿ ನಾರು ಕಿತ್ತು, ಹೊಸೆದು, ಬಿರಡೆ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ನೀರಿನಲ್ಲಿ ಬೇಗ ಕೊಳೆಯುವುದೂ ಇಲ್ಲ, ಬದಲಿಗೆ ಉಬ್ಬಿ ಇನ್ನಷ್ಟು ಬಿಗಿಯುತ್ತದೆ. ನನಗೆ ಕೆಲಸ ಕಲಿಸಿದ ಗುರುಗಳು ಬಿರಡೆಗೆ ಗೇಣುದ್ದ ಬಾಲ ಬಿಡಬೇಕು ಅನ್ನುತ್ತಿದ್ದರು, ಮರೆತರೆ ಕಣ್ಣಿಗೆ ಬೀಳಲಿ ಎಂದು. ನಾನು ಆ ದಿನ ಬಾಲ ಬಿಟ್ಟಿದ್ದೆ. ಹಳೇ ಗ್ಯಾಸ್ಕೆಟ್ ಕೆರೆಯುವಾಗ ಅದು ಕೈಗೆ ಅಡ್ಡ ಬರುತ್ತಿತ್ತು. ಮಡಿಸಿ ಒಳಗೆ ತಳ್ಳಿದೆ. ಆಮೇಲೆ ಪಂಪ್ ಕೂರಿಸಿದೆ. ಅಷ್ಟೇ ನಡೆದದ್ದು. ನಾರಿನ ಸಂದಿಯಿಂದ ಜಿನುಗುವ ನೀರು ಸಮ ರಸ್ತೆಗೆ ಸಾಕಾಗುತ್ತಿತ್ತು, ಏರಿಗೆ ಸಾಲುತ್ತಿರಲಿಲ್ಲ.

ಆಗ ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ. ಸುತ್ತಲೂ ನೋಡಿದೆ. ಕಳ್ಳ ಹೇಗೆ ನೋಡುತ್ತಾನೋ ಹಾಗೆಯೇ ನೋಡಿದೆ. ಎದ್ದು ಹೋಗಿ ಆ ಉಂಡೆಯನ್ನು ಹಿಂದಿನ ಮಟ್ಟೆ ರಾಶಿಗೆ ಎಸೆದೆ. ಬಿದ್ದ ಜಾಗ ನನಗೇ ಗೊತ್ತಾಗಲಿಲ್ಲ. ನಾರನ್ನು ಬಚ್ಚಿಡಲು ತಿಪಟೂರಿಗಿಂತ ಒಳ್ಳೆಯ ಊರಿಲ್ಲ.

ಸಂಜೆಯೊಳಗೆ ಪಂಪ್ ಕೂರಿಸಿ, ಥರ್ಮೋಸ್ಟಾಟ್ ಹಾಕಿ, ಅದೇ ಏರಿಗೆ ಅದೇ ಚೀಲ ಹೇರಿಕೊಂಡು ಹೋದೆ. ಮುಳ್ಳು ಅಲ್ಲಾಡಲಿಲ್ಲ. ಎಷ್ಟೋ ದಿನ ಹುಡುಕಿದ ರೋಗ ಸಿಕ್ಕಾಗ ಮೆಕ್ಯಾನಿಕ್ಕಿಗೆ ಆಗುವ ಖುಷಿ ಬೇರೆ ಯಾರಿಗೂ ಆಗುವುದಿಲ್ಲ. ಆ ದಿನ ನನಗೆ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ಗಾಡಿ ನೋಡಲು ಬಂದರು. ಏನಾಗಿತ್ತು ಎಂದು ಕೇಳಿದರು.

"ಪಂಪಿನ ಹತ್ರ ಕಸ ಕಟ್ಕೊಂಡಿತ್ತು ಅಮ್ಮ" ಎಂದೆ. ಸುಳ್ಳಲ್ಲ. ಸುಳ್ಳಾಗದ ಹಾಗೆ ಹೇಳುವುದನ್ನು ರಾತ್ರಿಯೇ ಯೋಚಿಸಿಟ್ಟಿದ್ದೆ.

"ಅಣ್ಣ ಕೆರೆ ನೀರು ಹಾಕ್ತಿದ್ರೇನೋ. ಕಣ್ಣು ಮಂಜಾಗೈತೆ, ಪಾಪ" ಅಂದರು ಅಮ್ಮ. "ಅವ್ರನ್ನ ಏನೂ ಅನ್ನೋ ಹಂಗಿಲ್ಲ ಬುಡು ಮೇಸ್ತ್ರಿ. ಮೊನ್ನೆ ಮನೆಗೆ ಬಂದು ಅವ್ರೇ ಒಪ್ಕೊಂಡ್ರು. ನೀರು ನೋಡಿರಕ್ಕಿಲ್ಲ ಅಮ್ಮ, ನನ್ ತಲೆ ಸರಿಯಿಲ್ಲ, ಬೇರೆಯವ್ರನ್ನ ಇಟ್ಕೊಳಿ ಅಂತ ಕಣ್ಣೀರು ಹಾಕ್ಕೊಂಡ್ರು. ತುರುವೇಕೆರೆಯಿಂದ ಒಬ್ಬನ್ನ ನಾಳೆ ಬಾ ಅಂದಿದೀನಿ."

ನನ್ನ ಕೈಯಲ್ಲಿ ಸ್ಪಾನರ್ ಇತ್ತು. ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ತಪ್ಪು ಮಾಡದವರು ಒಪ್ಪಿಕೊಂಡಿದ್ದರು. ಮಾಡಿದವನು ಅದನ್ನು ಹಿತ್ತಿಲಿಗೆ ಎಸೆದು ಬಂದು ಮಾತಿಗೆ ಪಾಲಿಶ್ ಹಾಕುತ್ತಿದ್ದ.

"ಅಮ್ಮ, ಗಾಡಿ ಇವತ್ತು ಕೊಡಲ್ಲ. ಸಾಯಂಕಾಲ ನಾನೇ ತತ್ತೀನಿ" ಎಂದೆ. ಅವರಿಗೆ ಆಶ್ಚರ್ಯವಾಯಿತು, ಯಾಕೆಂದು ಮಾತ್ರ ಕೇಳಲಿಲ್ಲ. ಅವರು ಹೊರಟ ಮೇಲೆ ಅದೇ ಜೀಪು ಹತ್ತಿ ಡ್ರೈವರಣ್ಣನ ಮನೆಗೆ ಹೋದೆ.

ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಕೊಟ್ಟಿಗೇಲವ್ರೆ ನೋಡಪ್ಪ" ಅಂದರು. "ಹಸೀನ ಕಟ್ಟಿ ಬತ್ತಾರೆ, ಕಟ್ಟಿದ್ನೇನೇ ಅಂತ ನನ್ನ ಕೇಳ್ತಾರೆ, ಮತ್ತೆ ಹೋಗಿ ನೋಡ್ತಾರೆ. ಬೆಳಿಗ್ಗೆಯಿಂದ ಇದು ನಾಕ್ನೇ ಸಲ. ಮುಂಚೆ ಹಿಂಗಿರ್ಲಿಲ್ಲ ಕಣಪ್ಪ."

ಡ್ರೈವರಣ್ಣ ಕೊಟ್ಟಿಗೆಯಿಂದ ಬಂದರು. ಕೈಯ ಸುಟ್ಟ ಜಾಗ ಒಣಗಿ ಕಪ್ಪಾಗಿತ್ತು. ನನ್ನನ್ನು ನೋಡಿ, "ಬಾರಪ್ಪ, ಗಾಡಿ ಆಯ್ತಾ?" ಎಂದು ಕೂರಲು ಹೇಳಿದರು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಕುಡಿದರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ನಿಂತೇ ಎಲ್ಲ ಹೇಳಿದೆ. ನಾರಿನ ಬಿರಡೆ, ಮಡಿಸಿ ತಳ್ಳಿದ ಬಾಲ, ಹಾಲ್ಕುರಿಕೆ ಏರು, ಹಿತ್ತಿಲಿಗೆ ಎಸೆದದ್ದು, ಅಮ್ಮನಿಗೆ ಕಸ ಅಂದದ್ದು.

ಬೈಯುತ್ತಾರೆ ಎಂದು ಕಾದೆ. ಅವರ ಹೆಂಡತಿ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಕೂತಿದ್ದರು. ಕೊನೆಗೆ ಡ್ರೈವರಣ್ಣ ಕೇಳಿದ್ದು ಒಂದೇ ಮಾತು.

"ಆವತ್ತು ಹುಣಸೇಮರದ ತಾವ, ನಾನು ನೀರು ನೋಡಿಲ್ಲ ಅಂತ ನೀನು ದಿಟವಾಗ್ಲೂ ಅನ್ಕೊಂಡಿದ್ದೇನಪ್ಪ, ಇಲ್ಲ ಸುಮ್ಕೆ ಅಂದ್ಯೋ?"

ಹೌದು, ಹಾಗೆಂದುಕೊಂಡಿದ್ದೆ ಅನ್ನಬಹುದಿತ್ತು. ಅದು ಇಬ್ಬರಿಗೂ ಸುಲಭವಾಗುತ್ತಿತ್ತು.

"ಸುಮ್ನೆ ಅಂದೆ ಅಣ್ಣ. ಕುದ್ದ ಗಾಡೀಲಿ ನೀರಿರಲ್ಲ ಅಂತ ನಂಗೊತ್ತಿತ್ತು" ಎಂದೆ.

"ಗೊತ್ತಿತ್ತಾ" ಅಂದರು. ಅಷ್ಟೇ. ಆಮೇಲೆ, ನನಗಲ್ಲ, ಹೆಂಡತಿಗೆ ಹೇಳಿದರು: "ನೋಡಿದ್ದೆ ಕಣೇ ಹಂಗಾರೆ. ನಾನು ನೋಡಿದ್ದೆ."

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಟದ ಮನೆಗೆ ಹೋದೆ. ಅಮ್ಮನ ಮುಂದೆ ಇನ್ನೊಂದು ಸಲ ಎಲ್ಲ ಹೇಳಿದೆ. ಎರಡನೇ ಸಲ ಸುಲಭವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

"ಮರ್ತೆ ಅಂದಿದ್ರೆ ಮುಗೀತಿತ್ತಲ್ಲ ಮೇಸ್ತ್ರಿ. ಯಾರು ಮರೆಯಲ್ಲ? ಈ ಮನೇಲಿ ನಾನೇ ದಿನಕ್ಕೆ ಹತ್ತು ಮರೀತೀನಿ" ಅಂದರು ಅಮ್ಮ. ಅವರು ಕೈ ಚಾಚಿದರು, ನಾನು ಕೀ ಕೊಟ್ಟೆ. ಅದನ್ನು ಡ್ರೈವರಣ್ಣನಿಗೆ ಕೊಡುತ್ತಾ, "ತಪ್ಪಾಯ್ತು ಕಣಣ್ಣ, ನಿಮ್ಮನ್ನ ನಾನೊಂದ್ ಮಾತು ಕೇಳ್ಬೇಕಿತ್ತು" ಅಂದರು. ತುರುವೇಕೆರೆಯವನಿಗೆ ಬರಬೇಡ ಎಂದು ನನ್ನೆದುರಿಗೇ ಫೋನ್ ಮಾಡಿದರು.

ಅಲ್ಲಿಗೆ ಸರಿಹೋಯಿತು ಎಂದೇ ನಾನು ತಿಳಿದೆ. ಗಾಡಿ ಸರಿಯಾಗಿತ್ತು, ಕೀ ಸೇರಬೇಕಾದವರಿಗೆ ಸೇರಿತ್ತು. ನನ್ನನ್ನು ತಿಪಟೂರಿಗೆ ಬಿಟ್ಟು ಬರುತ್ತೇನೆ ಎಂದು ಡ್ರೈವರಣ್ಣ ಹೊರಟರು. ಇಂಜಿನ್ ಅಷ್ಟು ಹೊತ್ತಿಗೆ ಆರಿತ್ತು. ಬಾನೆಟ್ ಎತ್ತಿ, ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿ, ಬಗ್ಗಿ ನೀರು ನೋಡಿದರು. ಮುಚ್ಚಿದರು. ಹತ್ತಿ ಕೂತು ಕೀ ಹಾಕಿದರು. ತಿರುಗಿಸಲಿಲ್ಲ. ಇಳಿದು ಹೋಗಿ ಮತ್ತೆ ಬಾನೆಟ್ ಎತ್ತಿದರು. ಬಂದು ಕೂತರು. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟರು, ಕೀ ಮುಟ್ಟಲಿಲ್ಲ. ನಾನು ರಸ್ತೆ ಕಡೆ ನೋಡುತ್ತಿದ್ದೆ.

"ನೀನೊಂದ್ಸಲ ನೋಡ್ಬುಡಪ್ಪ" ಅಂದರು.

ಇಳಿದು ಹೋಗಿ ನೋಡಿದೆ. ನೀರು ಕತ್ತಿನವರೆಗೆ ತುಂಬಿತ್ತು. "ತುಂಬೈತೆ ಅಣ್ಣ" ಎಂದೆ. ತಾವು ಎರಡು ಸಲ ಕಣ್ಣಾರೆ ನೋಡಿದ್ದನ್ನು ಬಿಟ್ಟು, ಅವರು ನನ್ನ ಮಾತು ನಂಬಿ ಗಾಡಿ ಸ್ಟಾರ್ಟ್ ಮಾಡಿದರು.